ಎಫೀ ಬೀಟನ್‌ಳ ಎರಡನೇ ಚೀಟಿ

ಪ್ರಿನ್ಸ್ ಎಡ್ವರ್ಡ್ ದ್ವೀಪದ ಪೂರ್ವ ಮೂಲೆಯಲ್ಲಿದ್ದ ನಾಲ್ಕನೇ ಮತಕ್ಷೇತ್ರ ಈಗ ಇಲ್ಲ. ಹಳೆಯ ಗೆರೆಗಳನ್ನು ಅಳಿಸಿ, ಅಕ್ಕಪಕ್ಕದ ಊರುಗಳ ಜತೆ ಸೇರಿಸಿ, ಬೇರೆ ಹೆಸರಿಟ್ಟಿದ್ದಾರೆ. ಅಲ್ಲಿ ಯಾವ ವರ್ಷ ಯಾರು ಗೆದ್ದರು, ಎಷ್ಟು ಮತದಿಂದ ಗೆದ್ದರು ಎನ್ನುವುದು ರಾಜಧಾನಿಯ ಕಡತಗಳಲ್ಲಿರಬಹುದು. ಎಫೀ ಬೀಟನ್‌ಳ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಯಲ್ಲೂ ಅದೆಲ್ಲ ಪೆನ್ಸಿಲಿನಲ್ಲಿ ಬರೆದಿತ್ತು. ಕಡತದಲ್ಲಿಲ್ಲದ ಒಂದು ಸಂಗತಿಯೂ ಅಲ್ಲಿತ್ತು. ಪ್ರತಿ ಚುನಾವಣೆಯ ಮುಂದೆ ತಮ್ಮ ಲಾಕ್ಲನ್‌ನ ಹೆಸರಿಗೆ ಎರಡು ಗೀಟು, ಅವಳ ಹೆಸರಿಗೆ ಒಂದೇ ಗೀಟು.

ಆ ಕಾಲದಲ್ಲಿ ಒಂದೊಂದು ಕ್ಷೇತ್ರದಿಂದ ಇಬ್ಬರು ಆರಿಸಿ ಹೋಗುತ್ತಿದ್ದರು. ಅಸೆಂಬ್ಲಿ ಸದಸ್ಯನಿಗೆ ಎಲ್ಲರೂ ಮತ ಹಾಕಬಹುದಿತ್ತು. ಕೌನ್ಸಿಲರ್‌ಗೆ ಹಾಕಲು ಭೂಮಿ ಹೆಸರಿನಲ್ಲಿರಬೇಕಿತ್ತು, ಇಲ್ಲವೇ ಭೂಮಿ ಇದ್ದವನ ಹೆಂಡತಿಯಾಗಿರಬೇಕಿತ್ತು. ಐದು ಕ್ಷೇತ್ರಗಳಲ್ಲಿ ತುಂಡು ನೆಲವಿದ್ದ ಪಟ್ಟಣದ ವ್ಯಾಪಾರಿ ಒಂದೇ ದಿನ ಕಾರಿನಲ್ಲಿ ಸುತ್ತಿ ಐದು ಕಡೆ ಮತ ಹಾಕಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಎಫೀ ಮದುವೆಯಾಗಲಿಲ್ಲ. ಅಪ್ಪನ ಹೊಲದಲ್ಲಿ ಆಲೂಗಡ್ಡೆ ಅಗೆದಳು, ಹಸು ಕರೆದಳು, ಬಿರುಗಾಳಿ ನಿಂತ ಮೇಲೆ ಕಡಲಂಚಿಗೆ ಕುದುರೆ ಇಳಿಸಿ ಮಾರುವುದಕ್ಕೆ ಕಡಲಪಾಚಿ ಎಳೆದಳು. ಲಾಕ್ಲನ್‌ನ ಹೆಂಡತಿ ಮದುವೆಯಾಗಿ ಬಂದ ವರ್ಷವೇ ಎರಡು ಚೀಟಿ ಮಡಚಿ ಹಾಕಿದಳು. ಆ ದಿನ ಎಫೀ ಗೀಟು ಎಳೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು. ಆ ಹೆಂಡತಿ ಬೇಗ ತೀರಿಕೊಂಡಳು. ಅವಳನ್ನು ಮಣ್ಣಿಗೆ ಕಳಿಸುವ ಮೊದಲು ಮೈ ತೊಳೆದವಳೂ ಎಫೀಯೇ.

ಅಪ್ಪ ಸಾಯುವಾಗ, 1926ರ ಚಳಿಗಾಲದಲ್ಲಿ, ಇಬ್ಬರನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಹೇಳಿದ್ದ: "ಕಡಲಂಚಿನ ಹನ್ನೆರಡು ಎಕರೆ ಎಫೀದು. ಲಾಕ್ಲನ್, ಬರೆದುಕೊಡು." ಲಾಕ್ಲನ್ ಅಳುತ್ತಾ ಹೂಂ ಅಂದಿದ್ದ. ಮುಂದಿನ ವರ್ಷ ಎಫೀ ಕೇಳಿದಾಗ ಅವನು ಲಿಬರಲ್ ಪಕ್ಷದ ಏಜೆಂಟನಾಗಿ ಓಡಾಡುತ್ತಿದ್ದ.

"ಚುನಾವಣೆ ಮುಗೀಲಿ, ಎಫೀ."

ಮುಗಿಯಿತು. ಇನ್ನೊಂದು ಬಂತು. 1931, 1935, 1939. 1943ರಲ್ಲಿ ಕೌನ್ಸಿಲರ್ ಗೆದ್ದದ್ದು ಮೂರೇ ಮತದಿಂದ. ಆ ಮೂರು ಮತ ಯಾವ ಕಾರಿನಲ್ಲಿ ಬಂದಿತ್ತೆಂದು ಊರಿಗೆಲ್ಲ ಗೊತ್ತಿತ್ತು. ಪ್ರತಿ ಸಲವೂ ಅವಳು ಕೇಳಿದಳು, ಪ್ರತಿ ಸಲವೂ ಅವನು ಅದನ್ನೇ ಅಂದ. ಅವಳು ಜಪಮಾಲೆ ಹಿಡಿದು ತಾಳ್ಮೆ ಬೇಡಿಕೊಂಡಳು. ಸಿಕ್ಕಿತು ಕೂಡ. ಅಷ್ಟೊಂದು ತಾಳ್ಮೆ ಬೇಡಿಕೊಂಡದ್ದೇ ತಪ್ಪಾಯಿತೇನೋ ಎಂದು ಆಮೇಲೆ ಅವಳಿಗೆ ಅನ್ನಿಸಿತು.

1959ರ ಸೆಪ್ಟೆಂಬರಿನಲ್ಲಿ ಅವಳಿಗೆ ಐವತ್ತೆಂಟು. ಬೆಳಿಗ್ಗೆ ಪಾಚಿಯನ್ನು ಒಣಗಲು ಹರಡಿ, ಒದ್ದೆ ಬೂಟಿನಲ್ಲೇ ಶಾಲೆಯ ಕೋಣೆಗೆ ಹೋಗಿ ಸಾಲಿನಲ್ಲಿ ನಿಂತಳು. ಮೇಜಿನ ಹಿಂದೆ ಮತಗಟ್ಟೆ ಅಧಿಕಾರಿ ಹ್ಯೂಬರ್ಟ್ ಡಾಯ್ಲ್ ಕೂತಿದ್ದ. ಅವನ ಬಲಕ್ಕೆ ಲಾಕ್ಲನ್, ಎಡಕ್ಕೆ ಎದುರು ಪಕ್ಷದ ಟೋರಿಗಳ ಏಜೆಂಟ್ ಇಗ್ನೇಷಿಯಸ್. ಮತದಾರರ ಪಟ್ಟಿ ಅನ್ನುವುದೇ ಇರಲಿಲ್ಲ. ಯಾರ ಮೇಲಾದರೂ ಅನುಮಾನವಿದ್ದರೆ ಏಜೆಂಟ್ "ಪ್ರಮಾಣ ಮಾಡಿಸಿ" ಅನ್ನಬೇಕು. ಆಗ ಬೈಬಲಿನ ಮೇಲೆ ಕೈ ಇಡಬೇಕು.

ಎಫೀಯ ಮುಂದೆ ಷಾರ್ಲಟ್‌ಟೌನಿನ ಬಟ್ಟೆ ವ್ಯಾಪಾರಿ ರಾಯ್ ವಿಗ್ಮೋರ್ ನಿಂತಿದ್ದ. ಈ ಊರಿನಲ್ಲಿ ಅವನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಎರಡು ಚೀಟಿ," ಅಂದ ವಿಗ್ಮೋರ್.

"ಆಸ್ತಿ ಯಾವುದು, ಸ್ವಾಮಿ?"

"ಬೀಟನ್‌ರ ಕಡಲಂಚಿನ ಹೊಲ. ಹನ್ನೆರಡು ಎಕರೆ. ಬೇಸಿಗೆ ಮನೆ ಕಟ್ತೀನಿ."

ಎಫೀ ತಮ್ಮನ ಕಡೆ ತಿರುಗಿದಳು. ಲಾಕ್ಲನ್ ಕಿಟಕಿಯ ಕಡೆ ನೋಡುತ್ತಿದ್ದ.

"ಇಗ್ನೇಷಿಯಸ್, ಅವರ ಹತ್ರ ಪ್ರಮಾಣ ಮಾಡಿಸು," ಅಂದಳು.

ಇಗ್ನೇಷಿಯಸ್ ಅವಳ ಕಡೆ ಬಗ್ಗಿ ಪಿಸುಗುಟ್ಟಿದ: "ಬಿಡು ಮಾರಾಯ್ತಿ. ಮಧ್ಯಾಹ್ನ ನಮ್ಮ ಕಡೆಯೋರೂ ನಾಲ್ಕು ಜನ ಕಾರಲ್ಲಿ ಬರ್ತಾರೆ. ಅವರದ್ದು ನಾವು ಕೆದಕಿದ್ರೆ ನಮ್ಮದನ್ನ ಅವರು ಕೆದಕ್ತಾರೆ."

"ಓಹೋ. ಹೊಡೆದಾಟ ಊರ ಮುಂದೆ, ಹಂಚಿಕೊಳ್ಳೋದು ಮೇಜಿನ ಕೆಳಗೆ." ಎಫೀ ವಿಗ್ಮೋರ್‌ನನ್ನು ಸರಿಸಿ ಮುಂದೆ ಬಂದಳು. "ಹ್ಯೂಬರ್ಟ್, ನನಗೂ ಎರಡು ಕೊಡು. ನನ್ನ ಆಸ್ತೀನೂ ಅದೇ ಹೊಲ."

ಸಾಲಿನಲ್ಲಿ ಯಾರೋ ನಕ್ಕರು. "ಒಂದೇ ಹೊಲಕ್ಕೆ ಇಬ್ರು ಯಜಮಾನ್ರಾ?"

ಲಾಕ್ಲನ್ ಕೊನೆಗೂ ತಿರುಗಿದ. ಮುಖ ಕೆಂಪಾಗಿತ್ತು. "ಪ್ರಮಾಣ ಮಾಡಿಸಿ ಅವಳ ಹತ್ರ."

ಹ್ಯೂಬರ್ಟ್ ಬೈಬಲನ್ನು ಅವಳ ಮುಂದೆ ಇಟ್ಟ. "ಈ ಭೂಮಿ ಕಾನೂನು ಪ್ರಕಾರ ನಿನ್ನ ಹೆಸರಲ್ಲಿದೆ ಅಂತ ಹೇಳ್ಬೇಕು ತಾಯಿ. ಅಷ್ಟೇ."

ಎಫೀ ಅಂಗೈ ಇಟ್ಟಳು. ಪಾಚಿಯ ಉಪ್ಪು ಇನ್ನೂ ಬೆರಳುಗಳಲ್ಲಿತ್ತು. ಮೂವತ್ತಮೂರು ವರ್ಷ ಆ ಹೊಲದ ಕಲ್ಲು ಆಯ್ದ ಕೈ ಅದು. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಕೈಯ ಕೆಳಗಿದ್ದ ಪುಸ್ತಕವನ್ನು ಅವಳು ನಂಬಿದ್ದಳು, ಕೋಣೆಯಲ್ಲಿದ್ದ ಬೇರೆ ಯಾರಿಗಿಂತಲೂ ಹೆಚ್ಚಾಗಿ ನಂಬಿದ್ದಳು. ಲಾಕ್ಲನ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದ. ಅವಳಿಗೆ ಸಿಟ್ಟು ಬಂದದ್ದು ಅದಕ್ಕೆ.

ಕೈ ತೆಗೆದಳು. "ಸುಳ್ಳು ಆಣೆ ನಾನು ಹಾಕಲ್ಲ. ಅಪ್ಪ ಕೊಟ್ಟಿದ್ದು ನಿಜ. ಕಾಗದ ಆಗದೇ ಇರೋದೂ ನಿಜ. ಈಗ ಇದೇ ಪುಸ್ತಕ ಆ ದೊಡ್ಡ ಮನುಷ್ಯರ ಕಡೆ ತಳ್ಳು. ಇಗ್ನೇಷಿಯಸ್, ನಿನ್ನಮ್ಮ ಬದುಕಿದ್ದಿದ್ರೆ ಇವತ್ತು ನಿನ್ನ ಮುಖ ನೋಡ್ತಿದ್ಳಾ?"

ಇಗ್ನೇಷಿಯಸ್ ಕತ್ತು ಕೆರೆದುಕೊಂಡ. "ಸರಿ, ಅವರ ಹತ್ರಾನೂ ಮಾಡಿಸಿ."

ವಿಗ್ಮೋರ್ ಎತ್ತಿದ ಕೈಯನ್ನು ನಡುವೆಯೇ ನಿಲ್ಲಿಸಿದ. "ಲಾಕ್ಲನ್, ಆ ಮಾರಾಟದ ಕಾಗದ ರಿಜಿಸ್ಟರ್ ಆಯ್ತಲ್ಲ?"

"ಅದು... ಹೇಳಿದ್ನಲ್ಲ. ಚುನಾವಣೆ ಮುಗೀಲಿ ಅಂತ."

ಎಫೀ ನಕ್ಕಳು. ಕೇಳಿದವರಿಗೆ ಅದು ನಗುವಿನಂತೆ ಇರಲಿಲ್ಲ. "ಕೇಳಿಸ್ತಾ ಸ್ವಾಮಿ? ನನಗೂ ಅದೇ ಮಾತು ಹೇಳಿದ್ದ. ಇಪ್ಪತ್ತೇಳರಿಂದ ಹೇಳ್ತಾನೇ ಇದ್ದಾನೆ. ನೀವು ಕಾಯೋಕೆ ಶುರು ಮಾಡಿ."

ವಿಗ್ಮೋರ್ ಟೋಪಿ ಎತ್ತಿಕೊಂಡು ಹೊರಟ. ಅವನ ಕಾರು ಎಬ್ಬಿಸಿದ ಕೆಂಪು ಧೂಳು ಶಾಲೆಯ ಒಳಗೂ ಬಂತು. ಎಫೀ ತನ್ನ ಒಂದೇ ಚೀಟಿಯನ್ನು ಹಾಕಿ ಮನೆಗೆ ನಡೆದಳು.

ಆ ಸಂಜೆ ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

"ನನ್ನ ಊಟ?" ಅಂದ ಲಾಕ್ಲನ್.

"ಚುನಾವಣೆ ಮುಗೀಲಿ."

"ಮುಗೀತಲ್ಲೇ!"

"ಹೌದಾ? ನನಗಿನ್ನೂ ಮುಗಿದಿಲ್ಲ."

ಹಸುಗಳು ಏನು ತಪ್ಪು ಮಾಡಿದ್ದವು? ಅವುಗಳನ್ನು ಹೊತ್ತಿಗೆ ಸರಿಯಾಗಿ ಕರೆದಳು. ಹಾಲನ್ನು ಮಾತ್ರ ಹಂದಿಗೆ ಸುರಿದಳು. ರೊಟ್ಟಿ ತನಗೆ ಬೇಕಾದಷ್ಟೇ ಸುಟ್ಟಳು. ಅವನ ಅಂಗಿಗಳು ತೊಟ್ಟಿಯಲ್ಲಿ ನೆನೆದು ನಾರಿದವು. ಸಿಟ್ಟು ಪಾಪವೆಂದು ಪಾದ್ರಿಗಳು ಹೇಳಿದ್ದರು. ಆದರೂ ಆ ಶನಿವಾರ ತಪ್ಪೊಪ್ಪಿಗೆಗೆ ಹೋದಾಗ ಈ ಸಿಟ್ಟನ್ನು ಅವಳು ಹೇಳಲಿಲ್ಲ. ಇದು ತನ್ನ ಪಾಪವಲ್ಲ ಎಂದು ಅವಳಿಗೆ ಖಚಿತವಿತ್ತು.

ಲಿಬರಲ್ ಕೌನ್ಸಿಲರ್ ಒಂದು ಮತದಿಂದ ಸೋತಿದ್ದರೆ ಹೇಳುವುದಕ್ಕೆ ಚೆನ್ನಾಗಿರುತ್ತಿತ್ತು. ಸೋತದ್ದು ಒಂಬತ್ತರಿಂದ. ಆದರೂ ಪಕ್ಷದವರು ಬಂದು ಲಾಕ್ಲನ್‌ಗೆ ಅಂಗಳದಲ್ಲೇ ಬೈದು ಹೋದರು. ಅದಾಗಿ ಹನ್ನೊಂದನೇ ದಿನ ಅವನು ಪಟ್ಟಣಕ್ಕೆ ಹೋಗಿ, ಹೊಲ ಎಫೀಯ ಹೆಸರಿಗಾದ, ನೋಂದಣಿಯ ಮುದ್ರೆ ಬಿದ್ದ ಕಾಗದ ತಂದು ಮೇಜಿನ ಮೇಲೆ ಎಸೆದ.

"ತಗೋ. ಈಗ ಸಮಾಧಾನ ಆಯ್ತಾ?"

"ಇಲ್ಲ," ಅಂದಳು ಎಫೀ. ಕಾಗದವನ್ನು ಎರಡು ಸಲ ಓದಿ ಕಪಾಟಿನಲ್ಲಿಟ್ಟಳು. ಆಮೇಲೆ ಅವನಿಗೆ ಆಲೂಗಡ್ಡೆ, ಉಪ್ಪುಮೀನು ಬಡಿಸಿದಳು.

1962ರ ಡಿಸೆಂಬರಿನಲ್ಲಿ ಮತ್ತೆ ಚುನಾವಣೆ. ಆಸ್ತಿಯ ಲೆಕ್ಕದಲ್ಲಿ ಚೀಟಿ ಕೊಟ್ಟದ್ದು ಅದೇ ಕೊನೆ. ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಎಫೀ ಹಿಮ ಕೊಡವಿಕೊಂಡು ಶಾಲೆಯ ಒಳಗೆ ಬಂದಳು. ಅದೇ ಮೇಜು, ಅದೇ ಮೂವರು.

"ಎರಡು," ಅಂದಳು.

ಹ್ಯೂಬರ್ಟ್ ಎರಡು ಚೀಟಿ ಹರಿದು ಮುಂದೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ತಮ್ಮನನ್ನೇ ನೋಡುತ್ತಾ ನಿಂತಳು.

"ಪ್ರಮಾಣ ಮಾಡಿಸಿ ಅನ್ನು, ಲಾಕ್ಲನ್."

"ಬೇಡ ಬಿಡು ಎಫೀ. ಎಲ್ರಿಗೂ ಗೊತ್ತಿದೆ."

"ಆವತ್ತೂ ಎಲ್ರಿಗೂ ಗೊತ್ತಿತ್ತು. ಅನ್ನು."

ಲಾಕ್ಲನ್ ಕಿಟಕಿಯ ಕಡೆ ನೋಡಿದ. ಹೊರಗೆ ಬಿಳಿ ಹಿಮ ಬಿಟ್ಟರೆ ಏನೂ ಇರಲಿಲ್ಲ. ಅವನ ತುಟಿ ಅಲ್ಲಾಡಿತು.

ಎಫೀ ಕೈಗವಸು ಕಳಚಿ, ಬರಿಗೈಯನ್ನು ಬೈಬಲಿನ ಮೇಲೆ ಇಟ್ಟಳು.

"ಕೇಳಿಸ್ಲಿಲ್ಲ," ಅಂದಳು. "ಆವತ್ತು ಎಷ್ಟು ಜೋರಾಗಿ ಅಂದ್ಯೋ, ಅಷ್ಟೇ ಜೋರಾಗಿ ಅನ್ನು."