ನಳದ ನೀರು ಕುಡಿದ ಕಂಪ್ಯೂಟರ್

ಇವತ್ತು ಬೆಳಿಗ್ಗೆ ನಮ್ಮ ಮನೆಯ ನಳ ಕೆಮ್ಮಿತು. ನೀರು ಬರುವ ಮುಂಚೆ ಪೈಪಿನೊಳಗಿನ ಗಾಳಿ ಹೊರಗೆ ಬೀಳುವಾಗಿನ ಆ ಗೊಳಗೊಳ ಸದ್ದನ್ನು ಹುಬ್ಬಳ್ಳಿಯ ನವನಗರದವರಿಗೆ ನಾನು ವರ್ಣಿಸಿ ಹೇಳಬೇಕಿಲ್ಲ. ಆ ಸದ್ದು ಕೇಳಿದವರೆಲ್ಲ ಕೊಡ ಹುಡುಕುತ್ತಾರೆ. ನಾನೊಬ್ಬಳು ಮಾತ್ರ ಮಹಡಿಯ ಮೇಲೆ ಕುರ್ಚಿಯಿಂದ ಜಿಗಿದು ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕಿದೆ. ಆಮೇಲೆ ನೆನಪಾಯಿತು, ಈಗಿನ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹನಿ ನೀರೂ ಇಲ್ಲ. ಎರಡು ಫ್ಯಾನುಗಳಿವೆ, ತಿರುಗುತ್ತವೆ, ಅಷ್ಟೇ. ಆದರೆ ಹಳೆಯ ಕಂಪ್ಯೂಟರಿನ ಗೊಳಗೊಳದಿಂದ ಕೈಗೆ ಅಂಟಿಕೊಂಡ ಹೆದರಿಕೆ ಇನ್ನೂ ಹೋಗಿಲ್ಲ.

ನಗುವುದಿದ್ದರೆ ನಗಿ, ಆದರೆ ಪೂರ್ತಿ ಕೇಳಿಕೊಂಡು ನಗಿ.

ನಾನು ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುವವಳು. ಕ್ಯಾಮೆರಾದವರು ದಿನಗಟ್ಟಲೆ ತೆಗೆದು ತಂದುಕೊಡುತ್ತಾರೆ, ನಾನು ಅದನ್ನು ಮನುಷ್ಯರು ಕೂತು ನೋಡುವಷ್ಟಕ್ಕೆ ಇಳಿಸುತ್ತೇನೆ. ಅವಳಿ ನಗರದ ಅರ್ಧ ಬೀಗರ ಆಕಳಿಕೆಯನ್ನು ಅಳಿಸಿದ ಪುಣ್ಯ ನನ್ನದು. ಕೆಲಸದ ಕೋಣೆ ಮಹಡಿಯ ಮೇಲೆ, ತಗಡಿನ ಶೀಟಿನ ಕೆಳಗೆ. ಏಪ್ರಿಲ್ ಬಂತೆಂದರೆ ನಾನು ಬೇಯುತ್ತಿದ್ದೆ, ನನ್ನ ಪಕ್ಕದಲ್ಲಿ ಕಂಪ್ಯೂಟರೂ ಬೇಯುತ್ತಿತ್ತು. ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತಿತ್ತು. ಹಾಗಾಗಿ ಕೆಲವು ವರ್ಷಗಳ ಹಿಂದೆ, ನೀರಿನಿಂದ ತಣ್ಣಗಾಗುವ ಕಂಪ್ಯೂಟರೊಂದನ್ನು ಹಟ ಹಿಡಿದು ಜೋಡಿಸಿಕೊಂಡೆ.

ಅದರ ವ್ಯವಸ್ಥೆ ಸರಳ. ಲೆಕ್ಕ ಹಾಕಿ ಹಾಕಿ ಕಾಯುವ ಮುಖ್ಯ ಚಿಪ್ಪಿನ ಮೇಲೆ ಒಂದು ತಾಮ್ರದ ಬಿಲ್ಲೆ. ಬಿಲ್ಲೆಯೊಳಗೆ ಬಾಚಣಿಗೆಯ ಹಲ್ಲಿಗಿಂತ ಸಣ್ಣ ಸಂದುಗಳು. ಪುಟ್ಟ ಪಂಪೊಂದು ಆ ಸಂದುಗಳಲ್ಲಿ ನೀರು ಓಡಿಸುತ್ತದೆ. ಕಾವು ಹೊತ್ತ ನೀರು ರೇಡಿಯೇಟರಿಗೆ ಹೋಗಿ ತಣಿದು, ಗಾಜಿನಂಥ ಟ್ಯಾಂಕಿಗೆ ಮರಳುತ್ತದೆ. ಜೋಡಿಸಿಕೊಟ್ಟವನು ಹೋಗುವಾಗ ಹೇಳಿದ್ದ: ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರನ್ನೇ ಹಾಕಬೇಕು, ನೀರು ನಿಧಾನಕ್ಕೆ ಆರುತ್ತಿರುತ್ತದೆ, ಆಗಾಗ ನೋಡಬೇಕು, ವರ್ಷಕ್ಕೊಮ್ಮೆ ಬದಲಿಸಬೇಕು. ದಿನಾ ವಾಕಿಂಗ್ ಮಾಡಿ ಎನ್ನುವ ಡಾಕ್ಟರರಿಗೆ ಆಡಿಸುವ ಹಾಗೆ ತಲೆಯಾಡಿಸಿದೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಎರಡು ವರ್ಷ ಅದು ರಾಣಿಯಂತೆ ದುಡಿಯಿತು. ನಡುವೆ ಎಂದಾದರೊಮ್ಮೆ ಗೊಳಗೊಳ ಅನ್ನುತ್ತಿತ್ತು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ, ಸಮಸ್ಯೆ ಬಗೆಹರಿಯುತ್ತಿತ್ತು. ಒಂದೆರಡು ದಿನಕ್ಕೆ ಅದೂ ತಾನಾಗಿ ಸುಮ್ಮನಾಗುತ್ತಿತ್ತು. ಟ್ಯಾಂಕಿನ ನೀರಂತೂ ಕುತ್ತಿಗೆಯ ಗೆರೆ ಬಿಟ್ಟು ಇಳಿಯುತ್ತಿರಲಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ, ‘ನೋಡ್ರಿ, ಎರಡು ವರ್ಷಾತು, ಒಂದು ಹನಿ ಕಡಿಮಿ ಆಗಿಲ್ಲ’ ಎಂದು ಜಂಬ ಕೊಚ್ಚುತ್ತಿದ್ದೆ. ಅತ್ತೆ ಅಲ್ಲೇ ಕಸ ಗುಡಿಸುತ್ತಿರುತ್ತಿದ್ದರು.

ಆ ವರ್ಷ ಶೈಲಾಳ ಮದುವೆಯಾಯಿತು. ಶೈಲಾ ನಮ್ಮತ್ತೆಯ ಅಕ್ಕ ಗಂಗವ್ವನ ಮೊಮ್ಮಗಳು. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿರುವ ಗಂಗವ್ವನನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ. ತಾಯಿಯಿಲ್ಲದ ಹುಡುಗಿಯನ್ನು ಎದೆಗವಚಿಕೊಂಡು ಬೆಳೆಸಿದವಳು ದೊಡ್ಡವ್ವ. ಅಂಥವಳು ಮದುವೆಗೆ ಹತ್ತು ದಿನವಿರುವಾಗ ಹಿತ್ತಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ ಮದುವೆ ನಡೆಯಿತು, ಸುಳ್ಳದಲ್ಲಿ ಅವಳು ಮಂಚದ ಮೇಲೆ ಉಳಿದಳು. ನೋಡಲು ಹೋದಾಗ ಒಂದೇ ಮಾತು ಅಂದಳು: ‘ನಾಕ ಅಕ್ಕಿಕಾಳು ನನ್ನ ಕೈಲೆ ಆಕಿ ತಲಿ ಮ್ಯಾಲ ಬೀಳಬೇಕಿತ್ತು ನೋಡ.’ ಅಕ್ಷತೆಗೆ ನಮ್ಮ ಕಡೆ ಅಕ್ಕಿಕಾಳು ಎನ್ನುತ್ತಾರೆ. ಅತ್ತೆಗೆ ಕಣ್ಣು ತುಂಬಿ ಬಂತು. ಮದುಮಕ್ಕಳು ಮುಂದಿನ ಭಾನುವಾರ ಸುಳ್ಳಕ್ಕೆ ಬರುವವರಿದ್ದರು. ‘ಅವತ್ತ ಇಡೀ ಮದಿವೀನ ತಂದು ನಿನ್ನ ಗ್ವಾಡಿ ಮ್ಯಾಲ ತೋರಸ್ತೇವಿ’ ಎಂದು ಅತ್ತೆ ಮಾತು ಕೊಟ್ಟರು. ಮಾತು ಅವರದು, ಕೆಲಸ ನನ್ನದು.

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರ್ ತನ್ನಷ್ಟಕ್ಕೆ ಆರಿಹೋಯಿತು. ಚಾಲೂ ಮಾಡಿದರೆ ಹತ್ತು ನಿಮಿಷ ಇರುತ್ತಿತ್ತು, ಕಾವು ನೆತ್ತಿಗೇರಿ ಮತ್ತೆ ಆರುತ್ತಿತ್ತು. ಟ್ಯಾಂಕಿನಲ್ಲಿ ನೋಡಿದರೆ ನೀರು ಭರ್ತಿ. ಜೋಡಿಸಿಕೊಟ್ಟವನು ದುಬೈ ಸೇರಿಯಾಗಿತ್ತು. ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲಿ, ‘ಅದನ್ನ ಬಿಚ್ಚೋರು ಇಲ್ಲಿ ಯಾರೂ ಇಲ್ರಿ ಮೇಡಂ, ಹೊರಗ ಕಳಸಬೇಕು, ಹದಿನೈದು ದಿನ ಹಿಡಿತೈತಿ’ ಅಂದ. ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಕೂತಿದ್ದರೆ ಕೆಲಸ ಮುಗಿಯುವುದರೊಳಗೆ ಶೈಲಾಳಿಗೆ ಎರಡು ಮಕ್ಕಳಾಗುತ್ತಿದ್ದವು. ನಾನು ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟೆ.

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಕೇಳಿದರು, ‘ಒಳಗ ರೇಡಿಯೇಟರ್ ಐತಿ ಅಂತಿದ್ದೆಲ್ಲಾ ನೀ?’

‘ಐತ್ರಿ.’

‘ಮತ್ತ ದಾವಲ್‌ಸಾಬನ್ನ ಕರಿ. ನಿಮ್ಮ ಮಾವನ ಜೀಪಿನ ರೇಡಿಯೇಟರ್ ಇಪ್ಪತ್ತು ವರ್ಷ ಅಂವನ ನೋಡ್ಯಾನ.’

ದಾವಲ್‌ಸಾಬ್ ಕಾಕಾ ಹಳೇ ಹುಬ್ಬಳ್ಳಿಯಲ್ಲಿ ಲಾರಿ, ಜೀಪುಗಳ ರೇಡಿಯೇಟರ್ ರಿಪೇರಿ ಮಾಡುವವರು. ಮಧ್ಯಾಹ್ನದ ನಮಾಜು ಮುಗಿಸಿ ಸ್ಕೂಟರ್ ಮೇಲೆ ಬಂದರು. ಬಣ್ಣಬಣ್ಣದ ದೀಪ ಹೊತ್ತ ನನ್ನ ಯಂತ್ರವನ್ನು ಕನ್ನಡಕದ ಮೇಲಿನಿಂದ ನೋಡಿ, ‘ಇದು ರೇಡಿಯೇಟರೋ ಏನ ರೇಡಿಯೇಟರಿನ ಮರಿಯೋ’ ಅಂದರು. ಚಾಲೂ ಮಾಡಿಸಿ ಕೈಯಿಂದ ಮುಟ್ಟುತ್ತ ಹೋದರು. ತಾಮ್ರದ ಬಿಲ್ಲೆಯ ಹತ್ತಿರ ಬೆರಳು ಚುರ್ ಅಂತು, ರೇಡಿಯೇಟರ್ ಮಾತ್ರ ತಣ್ಣಗಿತ್ತು.

‘ಪಂಪ್ ತಿರಗಾಕತ್ತೈತಿ, ನೀರು ಓಡಾಕತ್ತಿಲ್ಲ. ನಡುವ ಎಲ್ಲೋ ಕಟ್ಟೈತಿ’ ಅಂದವರೇ ಟ್ಯಾಂಕಿಗೆ ಟಾರ್ಚ್ ಹಿಡಿದರು. ಗೋಡೆಯ ಮೇಲೆ ಬಿಳಿಯ ಗೆರೆಗಳು, ತಳದಲ್ಲಿ ತೆಳ್ಳಗೆ ಹಸಿರು ಪಾಚಿ. ‘ತಂಗೀ, ಇದು ನಳದ ನೀರು.’

‘ಸಾಧ್ಯನ ಇಲ್ರಿ ಕಾಕಾ. ನಾ ಇದಕ್ಕ ನೀರ ಹಾಕಿಲ್ಲ.’

ಬಾಗಿಲಲ್ಲಿ ನಿಂತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು. ‘ನಾ ಹಾಕೀನಿ. ನಳಾ ಬಂದಾಗೊಮ್ಮೆ ಹಾಕ್ತೇನಿ. ಮನ್ಯಾಗಿನ ಎಲ್ಲಾ ಭಾಂಡೆ ತುಂಬಸಿ, ಅದೊಂದನ್ನ ಕಡಿಮಿ ಬಿಡೂದು ಹೆಂಗ? ನಾಕ ಮಡಿಕಿ ಮಾಡಿದ ಅರಿವ್ಯಾಗ ಸೋಸಿನ ಹಾಕೀನಿ.’

ಇದನ್ನು ಅರ್ಥ ಮಾಡಿಕೊಳ್ಳಲು ನೀವು ನಮ್ಮೂರಿನ ನಳದ ದಿನವನ್ನು ನೋಡಿರಬೇಕು. ವಾರಕ್ಕೊಮ್ಮೆ ಬರುವ ನೀರು ಅದು. ಬಂದ ದಿನ ಹಂಡೆ, ಕೊಡ, ಬಕೆಟ್ಟು, ಹಾಲಿನ ಗಿಂಡಿ, ಕೊನೆಗೆ ದೇವರ ತಂಬಿಗೆ, ಎಲ್ಲವೂ ತುಂಬಬೇಕು. ಒಂದು ಪಾತ್ರೆ ಖಾಲಿ ಉಳಿದರೂ ಅತ್ತೆಗೆ ಊಟ ಸೇರುವುದಿಲ್ಲ. ಸೆಕೆಗೆಂದು ನಾನು ಕಂಪ್ಯೂಟರಿನ ಪಕ್ಕದ ಗಾಜು ತೆಗೆದಿಟ್ಟಿದ್ದೆ. ಟ್ಯಾಂಕು ಅವರ ಕಣ್ಣಿಗೆ ಬಿತ್ತು, ಮನೆಯ ಭಾಂಡೆಗಳ ಲೆಕ್ಕಕ್ಕೆ ಸೇರಿತು.

ಕಾಕಾ ನಕ್ಕ ನಗೆಗೆ ಮಹಡಿಯ ತಗಡು ನಡುಗಿತು. ನನಗೆ ನಗು ಬರಲಿಲ್ಲ. ‘ಅಲ್ರಿ ಅತ್ತಿ, ಒಂದ ಮಾತು ಕೇಳಬಾರದೇನ್ರಿ?’ ಎಂದು ರೇಗಿದೆ. ಅತ್ತೆಯ ಮುಖ ಸಣ್ಣದಾಯಿತು. ಅವರು ಕೆಳಗಿಳಿದು ಹೋಗಿ ಚಹಾ ಇಟ್ಟರು.

ಕಾಕಾ ನೀರು ಬಸಿದು ಬಿಲ್ಲೆ ಬಿಚ್ಚಿದರು. ಒಳಗಿನ ಸಂದುಗಳಲ್ಲಿ ನಮ್ಮ ಸ್ನಾನದ ಹಂಡೆಯಲ್ಲಿ ಕಟ್ಟುವಂಥದೇ ಬಿಳಿ ಕರೆ, ಅದರ ಮೇಲೆ ಲೋಳೆ. ನಿಂಬೆಹಣ್ಣಿನ ರಸ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ತಾಸಿನ ತಾಳ್ಮೆ. ತಾಮ್ರ ಫಳಫಳ ಅಂತು. ಎಲ್ಲವನ್ನೂ ಬ್ಯಾಟರಿ ನೀರಿನಲ್ಲಿ ಎರಡು ಸಲ ತೊಳೆದು, ಗಟ್ಟಿಯಾಗಿದ್ದ ವಾಷರ್ ಬದಲಿಸಿ, ಹೊಸದಾಗಿ ತುಂಬಿಸಿದರು. ಪ್ರತಿ ಜೋಡಣೆಯ ಕೆಳಗೆ ಹಳೆಯ ಪೇಪರಿನ ಚೂರು ಇಟ್ಟು ಪಂಪನ್ನಷ್ಟೇ ಓಡಿಸಿದರು. ಹನಿ ಬಿದ್ದರೆ ಪೇಪರಿನ ಮೇಲೆ ಕಾಣಬೇಕು. ಒಳಗೆ ಸಿಕ್ಕ ಗಾಳಿ ಹೊರಬರಲೆಂದು ನಾವಿಬ್ಬರೂ ಕಂಪ್ಯೂಟರನ್ನು ಎರಡೂ ಕಡೆ ಹಿಡಿದು ತೊಟ್ಟಿಲ ಹಾಗೆ ಓಲಾಡಿಸಿದೆವು. ಗೊಳಗೊಳ, ಗೊಳ, ಗೊ... ಆಮೇಲೆ ಸದ್ದಿಲ್ಲ. ಪೇಪರು ಒಣಗಿಯೇ ಇತ್ತು. ಕೆಲಸಕ್ಕೆ ಹಚ್ಚಿದರೆ ಯಂತ್ರ ತಣ್ಣಗೆ ಕೂತಿತು.

ಕಾಕಾ ಅಡುಗೆಮನೆಯಲ್ಲಿ ಅತ್ತೆಯ ಚಹಾ ಕುಡಿದು ಹೊರಟರು. ಗೇಟಿನ ಹತ್ತಿರ ಸ್ಕೂಟರ್ ಒದೆಯುವ ಮುಂಚೆ ನನಗೆ ಮೆಲ್ಲಗೆ ಹೇಳಿದರು: ‘ನಳದ ನೀರು ಹಾಕಿದ್ದು ತಪ್ಪ, ಖರೇ. ಆದರ ಅಕ್ಕಾರು ಹಾಕದಿದ್ರ ಟ್ಯಾಂಕ್ ಯಾವಾಗೋ ಬತ್ತಿ, ಪಂಪ್ ಒಣಾ ತಿರಗಿ ಸುಟ್ಟ ಹೋಗಿರ್ತಿತ್ತು. ಕಟ್ಟಿದ್ದನ್ನ ನಾ ಬಿಡಿಸಬಹುದು, ಸುಟ್ಟಿದ್ದನ್ನ ಏನ ಮಾಡ್ಲಿ? ಎರಡು ವರ್ಷದಾಗ ನೀ ಒಮ್ಮೆನೂ ಮುಚ್ಚಳಾ ತಗದು ನೋಡಿಲ್ಲೇನು?’

‘ಇಲ್ರಿ’ ಅಂದೆ. ಆ ಮಾತನ್ನು ಅಲ್ಲೇ ಗೇಟಿನಲ್ಲಿ ನುಂಗಿ ಒಳಗೆ ಬಂದೆ.

ಶನಿವಾರ ಇಡೀ ದಿನ ಎಡಿಟ್ ಮಾಡಿದೆ. ಭಾನುವಾರ ಸಂಜೆ ಸುಳ್ಳದ ಪಡಸಾಲೆಯಲ್ಲಿ ಕಿಟಕಿ ಮುಚ್ಚಿ, ಪ್ರೊಜೆಕ್ಟರಿನಿಂದ ಸುಣ್ಣದ ಗೋಡೆಯ ಮೇಲೆ ಮದುವೆ ಬಿಟ್ಟೆವು. ದೊಡ್ಡವ್ವನ ಮಂಚವನ್ನು ನಡುಮಧ್ಯಕ್ಕೆ ಎಳೆದಿದ್ದೆವು. ಮದುಮಕ್ಕಳು ಅವಳ ಕಾಲ ಬಳಿ ಕೂತಿದ್ದರು. ವಾಲಗ ಜೋರಾಗುವ ಹೊತ್ತಿಗೆ ದೊಡ್ಡವ್ವ ದಿಂಬಿನ ಕೆಳಗಿನಿಂದ ಒಂದು ಗಂಟು ತೆಗೆದಳು. ಅದರಲ್ಲಿ ಅರಿಶಿನ ಹಚ್ಚಿದ ಅಕ್ಕಿ. ಮದುವೆಯ ದಿನದಿಂದ ಕಾದಿಟ್ಟಿದ್ದಳಂತೆ. ಗೋಡೆಯ ಮೇಲೆ ಎಲ್ಲರ ಕೈ ಎದ್ದಾಗ ಅವಳ ಕೈಯೂ ಎದ್ದಿತು. ಕಾಳು ಮೊದಲು ಗೋಡೆಯ ಶೈಲಾಳಿಗೆ ಬಡಿದು ಉದುರಿತು, ಉಳಿದದ್ದು ಕಾಲ ಬಳಿಯ ಶೈಲಾಳ ತಲೆಯ ಮೇಲೆ ಬಿತ್ತು. ಶೈಲಾ ಅಳುತ್ತಲೂ ನಗುತ್ತಲೂ ಅಜ್ಜಿಯ ಮುರಿದ ತೊಡೆಯನ್ನು ಮರೆತು ಅವಳ ಮೇಲೆ ಬಿದ್ದಳು. ‘ಎಲಬು, ಎಲಬು’ ಎಂದು ದೊಡ್ಡವ್ವ ಕೂಗಿದಳು, ಪಡಸಾಲೆಯೆಲ್ಲ ನಕ್ಕಿತು. ಅಷ್ಟು ಸಂತೋಷವನ್ನು ನಾನು ಎಡಿಟ್ ಮಾಡಿದ ಯಾವ ಮದುವೆಯಲ್ಲೂ ನೋಡಿಲ್ಲ.

ಅವತ್ತಿನಿಂದ ಈ ಕಥೆಯನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ‘ನಮ್ಮತ್ತಿ ಕಂಪ್ಯೂಟರಿಗೆ ನಳದ ನೀರು ಕುಡಿಸಿದರು’ ಎಂದು ಶುರು ಮಾಡುತ್ತೇನೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ, ಅತ್ತೆಯೂ ನಗುತ್ತಾರೆ. ಗೇಟಿನ ಮಾತನ್ನು ಮಾತ್ರ ಯಾವಾಗಲೂ ಕತ್ತರಿಸಿಬಿಡುತ್ತೇನೆ. ಕತ್ತರಿಸುವುದೇ ಕಸುಬಾದವಳಿಗೆ ಅದೇನು ಕಷ್ಟ?

ಇವತ್ತು ಯಾಕೋ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಾಗ ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು. ಕೆಳಗಿಳಿದು ಹೋದೆ. ಅತ್ತೆ ನಳದ ಮುಂದೆ ಕುಕ್ಕರಗಾಲಲ್ಲಿ ಕೂತು ಹಂಡೆ ತೊಳೆಯುತ್ತಿದ್ದರು.

‘ಅತ್ತಿ, ಅವತ್ತ ದಾವಲ್‌ಸಾಬ್ ಕಾಕಾ ಒಂದ ಮಾತು ಹೇಳಿದ್ರು, ನಾ ನಿಮಗ ಹೇಳಿಲ್ಲ. ನೀವು ನೀರ ಹಾಕಿದ್ದಕ್ಕ ಆ ಕಂಪ್ಯೂಟರ್ ಉಳಿದಿತ್ತಂತ. ತಪ್ಪು ನಂದ ಇತ್ರಿ.’

ಅತ್ತೆ ತಲೆಯೆತ್ತದೆ ತೊಳೆಯುತ್ತಲೇ ಇದ್ದರು.

‘ಗೊತ್ತೈತಿ. ಚಹಾ ಕುಡಿಯೂ ಮುಂದ ನನಗೂ ಹೇಳಿ ಹೋಗ್ಯಾನ ಅಂವ.’

‘ಮತ್ತ ಇಷ್ಟು ವರ್ಷ ಸುಮ್ನ ಇದ್ರಲ್ಲಾ?’

‘ನೀ ಯಾವಾಗ ಹೇಳ್ತಿ ಅಂತ ಕಾಯಾಕತ್ತಿದ್ದೆ’ ಎಂದು ಅತ್ತೆ ಮೊದಲ ಕೊಡವನ್ನು ನನ್ನ ಕಡೆ ದೂಡಿದರು. ‘ಹಿಡಿ, ನೀರು ಬಂತು.’