ಕರೆಮ್ಮನ ದಂಟಿನ ಕಟ್ಟು

ಕರೆಮ್ಮನನ್ನು ನಾನು ಮೊದಲು ನೋಡಿದ್ದು ೧೯೮೮ರ ಶ್ರಾವಣದಲ್ಲಿ. ಆಗ ನಾನು ತುರ್ವಿಹಾಳದ ಆಚೆ, ಕಾಲುವೆಯ ಬದಿಯ ಒಂದು ಸಣ್ಣ ಊರಿನಲ್ಲಿ ಮಾಸ್ತರನಾಗಿದ್ದೆ. ಭತ್ತದ ಸಸಿ ನೆಡುವುದನ್ನು ಅರ್ಧಕ್ಕೆ ಬಿಟ್ಟು, ಮೊಣಕಾಲವರೆಗಿನ ಕೆಸರಿನಲ್ಲೇ ಅವಳು ಮಗಳು ಆದೆಮ್ಮನ ಕೈ ಹಿಡಿದು ಶಾಲೆಗೆ ಬಂದಿದ್ದಳು. ಮಗು ಒಂದನೆಯ ತರಗತಿಯಲ್ಲೇ ಮೂರನೆಯ ವರ್ಷ ಕೂತಿತ್ತು. ಚೆನ್ನಾಗಿ ಮಾತಾಡುತ್ತಿತ್ತು, ಹಾಡು ಬೇಗ ಕಲಿಯುತ್ತಿತ್ತು; ಅಂಕಿ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೆಸರು ತೆಗೆಯುವುದಾಗಿ ಹೆಡ್ಮಾಸ್ತರರು ಹೇಳಿಕಳಿಸಿದ್ದರು.

“ಕುರಿ ಕಾಯಾಕ ಹಚ್ಚವಾ. ಅದಕ್ಕೂ ಸುಖ, ನಮಗೂ ಸುಖ,” ಎಂದರು ಅವರು.

“ಕುರಿ ಎಣಿಸಾಕರ ಬರಬೇಕಲ್ರಿ ಸರ. ಅದನ್ನ ಕಲಿಸ್ರಿ ಅಂತ ಕಳಿಸೀನಿ,” ಎಂದಳು ಕರೆಮ್ಮ.

ಹೆಡ್ಮಾಸ್ತರರು ನಕ್ಕರು, ಮಾತು ಬದಲಿಸಲಿಲ್ಲ. ದೀಪಾವಳಿಯ ರಜೆಗೆ ಮೊದಲು ಪರೀಕ್ಷೆ. ಅದರಲ್ಲಿ ಎಣಿಕೆ ಬರದಿದ್ದರೆ ಹೆಸರು ಹೋಗುವುದು ಖಂಡಿತ.

ಹೊರಗೆ ಬಂದು ಅವಳು ನನ್ನನ್ನು ಕೇಳಿದಳು: “ಹಲಗಿ ಮ್ಯಾಲ ಬರದದ್ದು ಅಕಿಗೆ ಇರಿವಿ ಸಾಲಿನಂಗ ಕಾಣ್ತದಂತ್ರಿ. ಏನ್ ಮಾಡ್ಲಿ?”

ಕಣ್ಣಿಗೆ ಸಿಗದ್ದು ಕೈಗೆ ಸಿಗಬಹುದು ಎಂದೆ. ನಾನು ಹೇಳಿದ್ದು ಅಷ್ಟೇ, ಉಳಿದದ್ದೆಲ್ಲ ಅವಳದು. ಒಣಗಿದ ಜೋಳದ ದಂಟನ್ನು ಬೆರಳುದ್ದ ಕತ್ತರಿಸಿ, ಗದ್ದೆಯಲ್ಲಿ ಸಸಿ ಕಟ್ಟುವಂತೆಯೇ ಹತ್ತಕ್ಕೊಂದು ಕಟ್ಟು ಕಟ್ಟಿದಳು. ಹರಿದ ಕೌದಿಯ ತುಂಡಿಗೆ ಎರಡು ಕಿಸೆ ಹೊಲಿದಳು. ಎಡಗಡೆಯದು ಕಟ್ಟಿಗೆ, ಬಲಗಡೆಯದು ಬಿಡಿ ದಂಟಿಗೆ. ಸಂಜೆ ಅಂಗಳದಲ್ಲಿ ಸೇರಿನಿಂದ ಮರಳು ಅಳೆಸುತ್ತ ಎಣಿಕೆ ಹೇಳಿಸಿದಳು.

“ನಿನ್ನ ಮಗಳು ಶಾನುಭೋಗಕಿ ಮಾಡ್ತಾಳೇನು?” ಎಂದು ಗಂಡ ಮುದುಕಪ್ಪ ಚುಚ್ಚಿದನಂತೆ.

“ಮಾಡ್ತಾಳೋ ಬಿಡ್ತಾಳೋ, ನೀ ದಂಟು ಕಡದು ಕೊಡು.”

ಪರೀಕ್ಷೆಯ ದಿನ ಹೆಡ್ಮಾಸ್ತರರು ಮೇಜಿನ ಮೇಲೆ ಒಂದು ಸೀಮೆಸುಣ್ಣ ಇಟ್ಟು, ಎಷ್ಟು ಎಂದು ಕೇಳಿದರು.

“ಲಾಭ,” ಎಂದಳು ಆದೆಮ್ಮ.

ತರಗತಿಯೆಲ್ಲ ನಕ್ಕಿತು. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎಂದು ಹೇಳಿ ಎರಡಕ್ಕೆ ಹೋಗುತ್ತಾರೆ. ಕರೆಮ್ಮ ತನಗೆ ಬಂದಂತೆ ಕಲಿಸಿದ್ದಳು. ಶಾಲೆಯಲ್ಲಿ ಬೇರೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

“ಒಂದು ಅನ್ನಾಕೂ ಬರಂಗಿಲ್ಲ. ಮುಗೀತು,” ಎಂದರು ಹೆಡ್ಮಾಸ್ತರರು.

ಬಾಗಿಲಲ್ಲಿ ನಿಂತಿದ್ದ ಕರೆಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. “ಮುಗದಿಲ್ರಿ. ಅದು ನಾ ಕಲಿಸಿದ್ದು. ತಪ್ಪು ಹಾಕೋದಿದ್ರ ನನಗ ಹಾಕ್ರಿ. ಅಕಿ ಕೈಯಾಗ ದಂಟು ಕೊಟ್ಟು ಕೇಳ್ರಿ.”

“ಪರೀಕ್ಷೆದಾಗ ಅವೆಲ್ಲ ನಡಿಯಂಗಿಲ್ಲ.”

“ಉಳದ ಹುಡುಗ್ರು ಬೆರಳು ಎಣಸಾಕತ್ತಾರಲ್ರಿ. ಮೊದ್ಲು ಅವನ್ನ ಕಸಗೊಳ್ರಿ, ಆಮ್ಯಾಲ ದಂಟು ಕಸಗೊಳ್ಳೀರಂತ. ಅಲ್ಲೀತನಕ ನಾ ಏಳಂಗಿಲ್ಲ.”

ಅವಳನ್ನು ದಾಟಿಕೊಂಡು ಹೋಗುವ ಹಾಗಿರಲಿಲ್ಲ. ಹೆಡ್ಮಾಸ್ತರರು ಬೇಸರದಿಂದಲೇ ಮೂವತ್ತೇಳು ಎಂದರು. ಅವ್ವ ಕೊಟ್ಟ ಕೌದಿಯ ತುಂಡು ಹಾಸಿಕೊಂಡ ಆದೆಮ್ಮ ಅವಸರ ಮಾಡಲಿಲ್ಲ. ಮೂರು ಕಟ್ಟು ಎಡಗಿಸೆಗೆ ಹಾಕಿದಳು, ಏಳು ಬಿಡಿ ದಂಟು ಬಲಗಿಸೆಗೆ. ಅವರು ನಲವತ್ತೆರಡು ಕೇಳಿದರು, ಅದೂ ಸರಿಯಾಯಿತು. ಬರೆಯಲು ಹೇಳಿದಾಗ ಮಾತ್ರ ಅಂಕಿಗಳನ್ನು ಅದಲುಬದಲು ಮಾಡಿದಳು.

“ನೋಡಿದ್ಯಾ?” ಎಂದರು ಹೆಡ್ಮಾಸ್ತರರು.

“ನೋಡೀನ್ರಿ. ಬರಿಯಾದು ಇನ್ನೂ ಬಂದಿಲ್ಲ. ಬರೋತನಕ ಕಳಸ್ತೀನಿ.”

ಹೆಸರು ಉಳಿಯಿತು. ಪ್ರತಿ ಜೂನ್‌ನಲ್ಲಿ ಯಾರಾದರೊಬ್ಬರು ಅದೇ ಮಾತು ತೆಗೆಯುತ್ತಿದ್ದರು. ಕರೆಮ್ಮ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದಳು.

ಈಗ ೧೯೯೭. ನಾನು ನಿವೃತ್ತನಾಗಿ ಲಿಂಗಸುಗೂರಿನಲ್ಲಿದ್ದೇನೆ. ಆದೆಮ್ಮ ಏಳನೆಯ ತರಗತಿಗೆ ಬಂದಿದ್ದಾಳೆ, ಸಾಲಿನಲ್ಲಿ ಎಲ್ಲರಿಗಿಂತ ಎತ್ತರ. ಪಬ್ಲಿಕ್ ಪರೀಕ್ಷೆಗೆ ದಂಟು ಒಯ್ಯುವ ಪದ್ಧತಿ ಇಲ್ಲವೆಂದು ಯಾರೋ ಹೇಳಿದ್ದಾರೆ. ಅಂದಿನಿಂದ ಕರೆಮ್ಮ ಕೂಲಿ ಇಲ್ಲದ ದಿನ ಸಿಂಧನೂರಿನ ಬಸ್ಸು ಹತ್ತಿ, ಅಪ್ಪಣೆ ಕೊಡುವ ಸಾಹೇಬರು ಯಾರೆಂದು ಕಚೇರಿಯಿಂದ ಕಚೇರಿಗೆ ಕೇಳುತ್ತ ತಿರುಗುತ್ತಿದ್ದಾಳೆ. ನಾಳೆ ಬಾ ಎಂದರೆ ನಾಳೆಯೂ ಹೋಗುತ್ತಾಳೆ.