ಕಾಜದಷ್ಟು ಗಾಯ

ನನ್ನ ತಂಗಿ ಹೊಲಿಗೆ ಯಂತ್ರ ತುಳಿದೇ ಮೂವರು ಮಕ್ಕಳನ್ನು ದಡ ಸೇರಿಸಿದ ಗಟ್ಟಿಗಿತ್ತಿ. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ, ಮತ್ತೆ ಯಂತ್ರದ ಮುಂದೆ ಕೂರಲು ಆಗುತ್ತದೋ ಇಲ್ಲವೋ ಎಂಬುದೊಂದೇ ಅವಳ ಚಿಂತೆಯಾಗಿತ್ತು.

ಆಪರೇಷನ್ನಿನ ಮರುದಿನ ಪಟ್ಟಿ ಬದಲಿಸುವಾಗ ಕನ್ನಡಿ ಹಿಡಿದು ನೋಡಿದವಳು ಕೆಂಡವಾದಳು. ಸೊಂಟದ ಪಕ್ಕದಲ್ಲಿ ಎರಡೇ ಪುಟ್ಟ ಗಾಯಗಳಿದ್ದವು.

“ಅಣ್ಣಾ, ಇವರು ಏನೂ ಮಾಡೇ ಇಲ್ಲ! ಮೂಳೆ ಕೂಡಿಸೋಕೆ ಗೇಣುದ್ದ ಆದ್ರೂ ಕೊಯ್ಬೇಡ್ವಾ? ಇದು ಅಂಗಿ ಗುಂಡಿ ತೂರಿಸೋ ಕಾಜದಷ್ಟಿದೆ!”

ಆಪರೇಷನ್ ಮಾಡಿದ ಡಾಕ್ಟರಮ್ಮ ನಗುತ್ತಾ ಎಕ್ಸ್‌ರೇ ತೋರಿಸಿದರು. ಒಳಗೆ ಎರಡು ಉದ್ದನೆಯ ಸ್ಕ್ರೂಗಳು ಮುರಿದ ಮೂಳೆಯನ್ನು ಬಿಗಿಯಾಗಿ ಹಿಡಿದಿದ್ದವು. “ಆ ಕಾಜದಲ್ಲೇ ತೂರಿಸಿದ್ದು ಕಣಮ್ಮ, ಎಕ್ಸ್‌ರೇ ಪರದೆ ಮೇಲೆ ಮೂಳೆ ನೋಡ್ಕೊಂಡು.”

ತಂಗಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಅರಳಿತು. “ಅಯ್ಯೋ, ಪಿನ್ನಿಗೆ ಕಟ್ಟಿ ಪೈಜಾಮಕ್ಕೆ ಲಾಡಿ ಪೋಣಿಸಿದ ಹಾಗೆ! ಅದಕ್ಕೆ ಸೊಂಟಪಟ್ಟಿ ಹೊಲಿಗೆ ಬಿಚ್ಚಬೇಕಾಗಿಲ್ಲ ಬಿಡಿ. ಹಾಗಾದ್ರೆ ನನ್ನ ಕೂರಿಸಿ.”

ನಾವಿಬ್ಬರೂ ಹಿಡಿದು ಕೂರಿಸಿದೆವು. ಹಲ್ಲು ಕಚ್ಚಿದಳು, ಆದರೆ ನೆಟ್ಟಗೆ ಕೂತಳು. ಕೂತ ಕೂಡಲೇ ಅವಳ ಪಾದ ಪೆಡಲ್ ಹುಡುಕಿತು.

“ಯಂತ್ರ ತುಳಿಯೋಕೆ ಇನ್ನೂ ಮೂರು ತಿಂಗಳು ಬೇಕು,” ಎಂದು ಡಾಕ್ಟರಮ್ಮ ಗದರಿದರು.

“ಆಗ್ಲಿ. ಅಲ್ಲೀವರೆಗೆ ಕೂತ್ಕೊಂಡು ಗುಂಡಿ ಹಚ್ತೀನಿ. ಅಣ್ಣಾ, ಸೂಜಿ ದಾರ ತಗೊಂಡ್ ಬಾ,” ಎಂದಳು ತಂಗಿ.